ಬಾನೆಟ್ಟಿಗೆ ತೂತು

ಸೋಮವಾರ ಮಕ್ಕಳನ್ನೆಲ್ಲ ಅವರವರ ಮನೆ ಮುಂದೆ ಇಳಿಸಿ, ಸ್ಕೂಲ್ ಬಸ್ಸನ್ನು ಶೆಡ್ಡಿಗೆ ಬಿಟ್ಟು ಟ್ವೈಲಾ ಬ್ರಾನಮ್ ಮನೆಗೆ ಬಂದಾಗ ಗ್ಯಾರೇಜಿನ ಬಾಗಿಲು ಹಾರುಹೊಡೆದಿತ್ತು. ಒಳಗೆ ಮೈದುನ ವೆಂಡೆಲ್ ನಿಂತಿದ್ದ. ಹೇಳದೆ ಕೇಳದೆ ಬಂದಿದ್ದ. ಅವನು ಹೇಳಿ ಕೇಳಿ ಬಂದ ದಿನ ಆ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಜಿಂಕೆ ಮಾಂಸ ತುಂಬಿಟ್ಟಿದ್ದ ಫ್ರೀಜರಿನ ಮೇಲೆ ಅವಳು ಮಡಚಿಟ್ಟಿದ್ದ ಟವೆಲ್ಲುಗಳನ್ನು ಪಕ್ಕಕ್ಕೆ ನೂಕಿ, ಅಲ್ಲಿ ಒಂದು ದಪ್ಪನೆಯ ಅಲ್ಯೂಮಿನಿಯಂ ಯಂತ್ರವನ್ನು ಕೂರಿಸಿದ್ದ. ಅದು ಏನೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸೂಪರ್‌ಚಾರ್ಜರ್.

"ಯಾರನ್ನ ಕೇಳಿ ತಂದೆ?" ಅಂದಳು.

"ಕಾರಿನ ಕಾಗದದಲ್ಲಿ ನನ್ನ ಹೆಸರಿದೆ. ನನ್ನನ್ನೇ ಕೇಳ್ಕೊಂಡೆ. ತಗೋ ಅಂದೆ."

"ಅದೇ ಕಾಗದದಲ್ಲಿ ನನ್ನ ಹೆಸರೂ ಇದೆ. ಬೇಡ ಅಂತಿದ್ದೀನಿ. ಎತ್ಕೊಂಡು ಹೋಗು."

ವೆಂಡೆಲ್ ನಕ್ಕ. ಅರವತ್ತಾರು ವರ್ಷದ ಆ ಮನುಷ್ಯ ನಕ್ಕರೆ ಎದುರಿಗಿದ್ದವರಿಗೆ ಮೈ ಉರಿಯುತ್ತದೆ. ಇಬ್ಬರ ನಡುವೆ ಹಸಿರು ಬಣ್ಣದ ಪ್ಲಿಮತ್ ನಿಂತಿತ್ತು, ಅರವತ್ತೊಂಬತ್ತನೇ ಇಸವಿಯದು. ಉದ್ದನೆಯ ಮೂತಿ, ಗೀರಿಲ್ಲದ ಅಗಲ ಬಾನೆಟ್ಟು. ಸೂಪರ್‌ಚಾರ್ಜರ್ ಎಂಜಿನ್ನಿನ ನೆತ್ತಿಯ ಮೇಲೆ ಕೂತು ಅದರ ಗಂಟಲಿಗೆ ಗಾಳಿ ತುರುಕುವ ಯಂತ್ರ. ತುರುಕಿದಷ್ಟೂ ಬಲ ಹೆಚ್ಚು. ಆದರೆ ಅದರ ಎತ್ತರಕ್ಕೆ ಬಾನೆಟ್ಟು ಮುಚ್ಚುವುದಿಲ್ಲ, ನಡುವೆ ತಗಡು ಕತ್ತರಿಸಬೇಕು.

"ಇಷ್ಟೇ ತೂತು," ವೆಂಡೆಲ್ ಎರಡೂ ಕೈಯಲ್ಲಿ ಅಳತೆ ತೋರಿಸಿದ. "ಅದಕ್ಯಾಕೆ ಮುಖ ಹಂಗೆ ಮಾಡ್ತೀಯ? ನಿನ್ನ ತಲೆಗೇನೂ ಕೊರೀತಿಲ್ಲವಲ್ಲ."

"ತಲೆಗಾಗಿದ್ರೆ ಕೊರಿ ಅಂತಿದ್ದೆ. ಈ ಎಂಜಿನ್ನಿಗೆ ಅದು ಹಿಡಿಸಲ್ಲ ಅಂತ ನಿಂಗೊತ್ತು. ಈಗಲೇ ಅದರ ಒಳಗೆ ಒತ್ತಡ ಜಾಸ್ತಿ. ಮೇಲಿಂದ ಇನ್ನಷ್ಟು ತುರುಕಿದ್ರೆ ಒಂದು ವಾರಕ್ಕೆ ಸೀಳುತ್ತೆ."

"ಪಿಸ್ಟನ್ ಬದಲಾಯಿಸ್ತೀನಿ. ಎಂಜಿನ್ ಬಗ್ಗೆ ನೀನು ನನಗೆ ಪಾಠ ಹೇಳ್ಬೇಡ."

"ಸರಿ, ಹೇಳಲ್ಲ. ಇದೆಲ್ಲ ಆದ ಮೇಲೆ ಓಡಿಸೋದು ಯಾರು? ಅದು ಹೇಳು."

ಅವನು ಕಣ್ಣು ತಪ್ಪಿಸಲಿಲ್ಲ. "ಆರುನೂರು ಕುದುರೆಬಲ. ಕೈಯಲ್ಲಿ ಹಾಕೋ ಗೇರು. ಅದು ಸ್ಕೂಲ್ ಬಸ್ಸಲ್ಲ ಬಸ್ಸಮ್ಮ, ಪ್ರತಿ ಸ್ಟಾಪಲ್ಲೂ ನಿಲ್ಲಿಸೋಕೆ. ನಾನು ಓಡಿಸ್ತೀನಿ."

ಟ್ವೈಲಾ ಟವೆಲ್ಲುಗಳನ್ನು ಎತ್ತಿಕೊಂಡಳು. ವೆಂಡೆಲ್ ಹೊರಗೆ ಹೋಗುತ್ತ ಬಾಗಿಲಲ್ಲಿ ನಿಂತು, ಜೇಬಿನಲ್ಲಿಟ್ಟು ತಂದಿದ್ದ ಕಲ್ಲನ್ನು ಎಸೆಯುವವನ ಹಾಗೆ ಕೊನೆಗೊಂದು ಮಾತು ಅಂದ: "ಮರ್ಲ್‌ಗೂ ಇದೇ ಆಸೆ ಇತ್ತು. ಸಾಯೋಕೆ ಮುಂಚಿನ ತಿಂಗಳು ನನ್ನ ಹತ್ರ ಹೇಳಿದ್ದ. ನಿನ್ನ ಹತ್ರ ಹೇಳಲಿಲ್ಲ ಅಂದ್ರೆ ಅದು ನಿಮ್ಮಿಬ್ಬರ ಕಥೆ."

ಆ ಮಾತು ನಾಟಿತು. ಗಂಡ ಮರ್ಲ್ ಸತ್ತು ಆರು ವರ್ಷ. ಅಣ್ಣತಮ್ಮಂದಿರಿಬ್ಬರೂ ಗಾಡಿಗಳ ಗೇರು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ಸೇರಿ ಕೊಂಡ ಕಾರು ಅದು. ಮರ್ಲ್ ಓಡಿಸುತ್ತಿದ್ದ, ವೆಂಡೆಲ್ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದ. ಮಣ್ಣು ಮಾಡಿ ಬಂದ ವಾರದ ಶನಿವಾರ ಟ್ವೈಲಾಗೆ ಮನೆಯೊಳಗೆ ಕೂರಲಾಗಲಿಲ್ಲ. ಹೋಗಿ ಕಾರಿನಲ್ಲಿ ಕೂತಳು, ಬೆಲ್ಟು ಬಿಗಿದಳು, ಕಾರು ಪಂದ್ಯದ ಟ್ರ್ಯಾಕಿಗೆ ಓಡಿಸಿಕೊಂಡು ಹೋದಳು. ವೆಂಡೆಲ್ ಅವತ್ತು ಒಂದು ಮಾತೂ ಆಡಿರಲಿಲ್ಲ. ಅಣ್ಣ ಹೋದ ದುಃಖ ಅಂದುಕೊಂಡಿದ್ದಳು.

ಅಂದಿನಿಂದ ಶನಿವಾರ ಅಂದರೆ ಅವಳಿಗೆ ಆ ಸೀಟು. ವಾರದ ಉಳಿದ ದಿನ ಅವಳು ಮಕ್ಕಳಿಗೆ 'ಕೂತ್ಕೊಳ್ರೋ' ಎಂದು ಕೂಗುವ, ಮಂಡಿ ನೋವಿನ, ಅರವತ್ತೊಂದರ ಹೆಂಗಸು. ಜೋಳದ ಹೊಲಗಳ ನಡುವಿನ ಆ ಕಾಲು ಮೈಲಿ ರಸ್ತೆಯ ಮೇಲೆ ಮಾತ್ರ, ಅವಳು ಬಂದಳೆಂದರೆ ಗಂಡಸರು ಕೈಯಲ್ಲಿದ್ದ ಸ್ಯಾಂಡ್‌ವಿಚ್ಚನ್ನು ಕೆಳಗಿಟ್ಟು ನೋಡುತ್ತಿದ್ದರು. ಮೂರು ಬಾರಿ ವರ್ಷದ ಕಪ್ಪು ಗೆದ್ದಿದ್ದಳು.

ಅಲ್ಲಿನ ಪಂದ್ಯವೇ ಬೇರೆ ಥರ. ಓಡುವ ಮುಂಚೆ ಪ್ರತಿಯೊಬ್ಬರೂ ತಮ್ಮ ಕಾರು ಕಾಲು ಮೈಲಿಗೆ ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತದೆಂದು ತಾವೇ ಹೇಳಿ, ಆ ಅಂಕಿಯನ್ನು ಬಿಳಿ ಶೂ ಪಾಲಿಶ್‌ನಿಂದ ಗಾಜಿನ ಮೇಲೆ ಬರೆಯಬೇಕು. ಇಬ್ಬಿಬ್ಬರು ಪಕ್ಕಪಕ್ಕ ಓಡುತ್ತಾರೆ, ನಿಧಾನದ ಕಾರಿಗೆ ಎರಡು ಅಂಕಿಗಳ ಅಂತರದಷ್ಟು ಮುಂಚೆ ಹಸಿರು ದೀಪ ಬೀಳುತ್ತದೆ. ಬರೆದ ಅಂಕಿಗೆ ಹತ್ತಿರ ಬಂದವರು ಗೆಲ್ಲುತ್ತಾರೆ. ಬರೆದದ್ದಕ್ಕಿಂತ ವೇಗವಾಗಿ ಓಡಿದರೆ ಸೋತ ಹಾಗೆ. ವೇಗ ಮುಚ್ಚಿಟ್ಟುಕೊಂಡು ಬಂದು ಯಾರೂ ಯಾರ ಕಿವಿಯ ಮೇಲೂ ಹೂವು ಇಡಬಾರದೆಂದು ಮಾಡಿದ ನಿಯಮ. ಟ್ವೈಲಾಳ ಅಂಕಿ ಹದಿಮೂರು ಇಪ್ಪತ್ತು. ಹದಿಮೂರು ಸೆಕೆಂಡು, ಅದರ ಮೇಲೆ ನೂರರಲ್ಲಿ ಇಪ್ಪತ್ತು ಪಾಲು. ಕೈಯಲ್ಲಿ ಗೇರು ಹಾಕುವ ಕಾರಿನಲ್ಲಿ ವಾರವಾರವೂ ಅದೇ ಅಂಕಿಗೆ ಓಡಿಸುವವರು ಆ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಲ್ಲ.

ಇದನ್ನೇ ವೆಂಡೆಲ್ ಊರೆಲ್ಲ ಆಡಿಕೊಂಡು ತಿರುಗಿದ. ಮಂಗಳವಾರ ಬೆಳಗ್ಗೆ ಹೋಟೆಲಿನಲ್ಲಿ, ಬುಧವಾರ ಟಯರು ಅಂಗಡಿಯಲ್ಲಿ, ಸಿಕ್ಕಿದವರ ಮುಂದೆಲ್ಲ ಅಂದ: ಅಂಥ ಎಂಜಿನ್ನನ್ನು ಕಟ್ಟಿ ಹಾಕಿ ಸಾಯಿಸುತ್ತಿದ್ದಾಳೆ. ಅದು ಓಡಲು ಹುಟ್ಟಿದ ಕಾರು, ಗಡಿಯಾರಕ್ಕೆ ಸಲಾಮು ಹೊಡೆಯಲು ಅಲ್ಲ. ಸೂಪರ್‌ಚಾರ್ಜರ್ ಕೂರಿಸಿದರೆ ಮೊದಲು ಮುಟ್ಟಿದವನೇ ಗೆದ್ದ ಅನ್ನುವ ದೊಡ್ಡ ಪಂದ್ಯಕ್ಕೆ ಇಳಿಯಬಹುದು. ಅರ್ಧ ಜನ ಹೌದೆಂದರು. ಉಳಿದವರು, ನಲವತ್ತು ವರ್ಷ ಯಾರೂ ಕೈಯಿಡದ ಬಾನೆಟ್ಟಿಗೆ ಗರಗಸ ಇಡುವವನ ಕೈ ಕತ್ತರಿಸಬೇಕು ಎಂದರು. ಟ್ವೈಲಾ ಯಾರಿಗೂ ಸೊಪ್ಪು ಹಾಕಲಿಲ್ಲ. ಆದರೆ ಮರ್ಲ್ ಮಾತು ಮಾತ್ರ ತಲೆ ತಿನ್ನುತ್ತಿತ್ತು. ಸತ್ತವನು ನಿಜವಾಗಿಯೂ ಬಯಸಿದ್ದನೇ? ಹಾಗಿದ್ದರೆ ತಾನು ಅಡ್ಡ ನಿಂತಿರುವುದು ಯಾರಿಗೆ?

ಗುರುವಾರ ಅವಳು ಗ್ಯಾರೇಜಿಗೆ ಹೋಗಿ ನೋಡಿದರೆ ಬಾನೆಟ್ಟಿನ ನಡುವೆ ಸೀಮೆಸುಣ್ಣದಲ್ಲಿ ಒಂದು ಚೌಕ ಬರೆದಿತ್ತು. ನಾಲ್ಕು ಮೂಲೆಗೂ ಅಳತೆ. ಎಲ್ಲಿ ಕತ್ತರಿಸಬೇಕೆಂದು ಗುರುತು ಹಾಕಿ ಹೋಗಿದ್ದ.

ಅವಳು ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸಿದಳು. ಅದೇ ಬಟ್ಟೆಯನ್ನು ಹಿಡಿದುಕೊಂಡೇ ಹೋಟೆಲಿಗೆ ಹೋದಳು. ವೆಂಡೆಲ್ ಕಿಟಕಿಯ ಪಕ್ಕ ಕೂತು ತಟ್ಟೆಗಿಂತ ಅಗಲವಾದ ಹಂದಿ ಮಾಂಸದ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಎದುರಿಗೆ ಟ್ರ್ಯಾಕಿನ ಯಜಮಾನ ಆರ್ಲೋ ಟಿಪ್ಟನ್ ಕೂತಿದ್ದ. ಟ್ವೈಲಾ ಆ ಬಟ್ಟೆಯನ್ನು ಸ್ಯಾಂಡ್‌ವಿಚ್ಚಿನ ಮೇಲೆ ಎಸೆದಳು.

"ನಿನ್ನ ಗೆರೆ," ಅಂದಳು. "ತಗೋ, ವಾಪಸ್."

"ನೋಡು ಆರ್ಲೋ, ಬಸ್ಸಮ್ಮಂಗೆ ಕೋಪ ಬಂತು. ಗಂಟೆಗೆ ಇಪ್ಪತ್ತು ಮೈಲಿ ವೇಗದಲ್ಲಿ ಬಂದಿದೆ."

"ಆರು ವರ್ಷದಿಂದ ಗೆದ್ದು ತರ್ತಿರೋಳು ನಾನು. ನೀನೇನು ಗೆದ್ದಿದ್ದೀಯ ನಿನ್ನ ಜೀವಮಾನದಲ್ಲಿ?"

"ಗೆಲ್ಲೋದು ನೀನು? ಓಡಿಸೋಕೆ ಬರುತ್ತಾ ನಿನಗೆ ಅಸಲು? ಆ ಕಾರಿನ ಆಕ್ಸಿಲರೇಟರ್ ತುಳಿಯೋಕೇ ಹೆದರ್ತೀಯ. ನಾನು ಒಂದು ಸಲ ಕೂತು ತೋರಿಸಿದ್ರೆ ಊರಿಗೆ ಊರೇ ನೋಡುತ್ತೆ."

"ಹಾಗಾದ್ರೆ ಕೂತು ತೋರಿಸು," ಅಂದಳು ಟ್ವೈಲಾ. "ಈ ಶನಿವಾರ. ಅದೇ ಕಾರು, ಅದೇ ಟಯರು. ನಾನೊಂದು ಸಲ, ನೀನೊಂದು ಸಲ. ಅವರವರ ಅಂಕಿ ಅವರವರೇ ಬರೀಬೇಕು. ಯಾರು ಅಂಕಿಗೆ ಹತ್ರ ಬರ್ತಾರೋ ಬಾನೆಟ್ಟಿನ ಮಾತು ಅವರದ್ದು. ನೀನು ಗೆದ್ರೆ ನಾನೇ ಗರಗಸ ತಂದುಕೊಡ್ತೀನಿ, ಸೀಟಿಂದಲೂ ಇಳೀತೀನಿ. ಸೋತ್ರೆ ಆ ಯಂತ್ರ ಎತ್ಕೊಂಡು ಹೋಗಬೇಕು, ಮತ್ತೆ ಬಾಯಿ ಬಿಡಬಾರದು."

ಆರ್ಲೋ ತನ್ನ ತಟ್ಟೆಯನ್ನು ಹುಷಾರಾಗಿ ಪಕ್ಕಕ್ಕೆ ಎಳೆದುಕೊಂಡ. "ನಿಯಮ ನಿಯಮವೇ ವೆಂಡೆಲ್. ಬರೆದದ್ದಕ್ಕಿಂತ ಬೇಗ ಬಂದ್ರೂ ಸೋಲು."

"ನನಗೆ ನಿಯಮ ಹೇಳ್ಕೊಡ್ತಾನೆ," ಅಂದ ವೆಂಡೆಲ್. "ಆ ನಿಯಮಕ್ಕೆ ಕಾರು ತಯಾರು ಮಾಡಿದ್ದೇ ನಾನು. ಆಯ್ತು, ಒಪ್ಪಿದೆ."

ಶನಿವಾರ ಮಧ್ಯಾಹ್ನ ಬಿಸಿಲು ಚೆನ್ನಾಗಿತ್ತು. ಸುದ್ದಿ ಹೇಗೋ ಹರಡಿ, ಪಂದ್ಯಕ್ಕಿಂತ ಹೆಚ್ಚು ಜನ ಈ ಜಗಳ ನೋಡಲು ಬಂದಿದ್ದರು. ಟ್ವೈಲಾ ಗಾಜಿನ ಮೇಲೆ 13.20 ಎಂದು ಬರೆದಳು. ಹಿಂದಿನ ಟಯರುಗಳನ್ನು ನೀರಿನಲ್ಲಿ ತಿರುಗಿಸಿ ಹೊಗೆ ಎಬ್ಬಿಸಿದಳು, ಗೆರೆಗೆ ಬಂದು ನಿಂತಳು. ಹಸಿರು ದೀಪ ಬಿತ್ತು. ಒಂದನೇ ಗೇರು, ಎರಡು, ಮೂರು, ನಾಲ್ಕು. ಎಂಜಿನ್ನು ಯಾವ ದನಿ ತೆಗೆದಾಗ ಗೇರು ಬದಲಿಸಬೇಕೆಂದು ಅವಳ ಕೈಗೆ ಗೊತ್ತಿತ್ತು. ಒಂದು ಕೂದಲಷ್ಟೂ ಹೆಚ್ಚು ಕೇಳಲಿಲ್ಲ, ಕಡಿಮೆಯೂ ಕೊಡಲಿಲ್ಲ. ಫಲಕದ ಮೇಲೆ 13.22 ಬಂತು. ಜನ ಚಪ್ಪಾಳೆ ತಟ್ಟಿದರು, ಬ್ಯಾಂಕಿನಲ್ಲಿ ಲೆಕ್ಕ ಸರಿಹೋದರೆ ತಟ್ಟುವ ಹಾಗೆ.

ಅವಳು ಇಳಿದಳು. ವೆಂಡೆಲ್ ಹತ್ತಿ ಕೂತ. ಸೀಟನ್ನು ಹಿಂದಕ್ಕೆ ತಳ್ಳಿದ, ಸ್ಟಿಯರಿಂಗ್ ಮೇಲೆ ಎರಡೂ ಕೈಯಿಟ್ಟ. ಇಷ್ಟು ವರ್ಷದಲ್ಲಿ ಅವನು ಆ ಕಾರನ್ನು ಗೆರೆಗೆ ತಂದು ನಿಲ್ಲಿಸಿದ್ದನ್ನು ಟ್ವೈಲಾ ನೋಡಿದ್ದು ಇದೇ ಮೊದಲು. ಕಿಟಕಿಯಿಂದ ಕೈ ಚಾಚಿ ಅವಳ ಅಂಕಿಯನ್ನು ಅಂಗೈಯಲ್ಲೇ ಉಜ್ಜಿ ಅಳಿಸಿ, 13.10 ಎಂದು ಬರೆದ. ಅವಳಿಗಿಂತ ವೇಗವಾಗಿ ಓಡಿಸುತ್ತೇನೆ, ಹೇಳಿಯೇ ಓಡಿಸುತ್ತೇನೆ ಎಂಬ ಜಂಬ.

ದೀಪ ಬಿದ್ದ ಕೂಡಲೇ ಪ್ಲಿಮತ್‌ನ ಮೂತಿ ಮೇಲಕ್ಕೆದ್ದಿತು. ಆ ಸದ್ದನ್ನು ಟ್ವೈಲಾ ಆ ಕಾರಿನಿಂದ ಯಾವತ್ತೂ ಕೇಳಿರಲಿಲ್ಲ. ಗೇರು ಬದಲಿಸುವಾಗ ಅವನು ಆಕ್ಸಿಲರೇಟರಿನಿಂದ ಕಾಲು ತೆಗೆಯಲೇ ಇಲ್ಲ. ಪ್ರತಿ ಗೇರಿಗೂ ಟಯರು ಕಿರುಚಿತು. ಬೇಲಿಯ ಪಕ್ಕದ ಜನ ಎದ್ದು ನಿಂತರು. ಮುಕ್ಕಾಲು ದಾರಿಯಲ್ಲಿ ಅವನು ಕಾಲು ಸಡಿಲಿಸಿದ್ದರೆ ಸಾಕಿತ್ತು, ಬ್ರೇಕನ್ನು ಒಂದು ಸಲ ಮುಟ್ಟಿದ್ದರೆ ಸಾಕಿತ್ತು. ಮೂವತ್ತೇಳು ವರ್ಷ ಬೇರೆಯವರ ಅಂಕಿ ಲೆಕ್ಕ ಹಾಕಿದವನಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಒತ್ತಿ ಹಿಡಿದ.

12.96.

ಜನ ಹುಚ್ಚೆದ್ದು ಕೂಗಿದರು. ಮರ್ಲ್ ಕೂಡ ಹದಿಮೂರರ ಒಳಗೆ ಆ ಕಾರನ್ನು ತಂದಿರಲಿಲ್ಲ. ಕೂಗು ಮುಗಿಯುವ ಮುಂಚೆಯೇ ಆರ್ಲೋ ಮೈಕಿನಲ್ಲಿ ಹೇಳಿದ: ವೆಂಡೆಲ್ ಬ್ರಾನಮ್, ಬರೆದದ್ದಕ್ಕಿಂತ ಬೇಗ, ಸೋಲು.

ವೆಂಡೆಲ್ ಕಾರು ತಂದು ನಿಲ್ಲಿಸಿ ಇಳಿದ. ಮುಖ ಕೆಂಪಗೆ ಹೊಳೆಯುತ್ತಿತ್ತು. ಕೀಲಿಯನ್ನು ಅವಳ ಕೈಗೆ ಕೊಡದೆ ಬಾನೆಟ್ಟಿನ ಮೇಲಿಟ್ಟ.

"ನೋಡಿದ್ಯಾ ಅದು ಏನು ಮಾಡುತ್ತೆ ಅಂತ?"

"ಸೋತಿದ್ದು ನೋಡಿದೆ."

"ನಿನ್ನ ಕಣ್ಣಿಗೆ ಅಷ್ಟೇ ಕಾಣೋದು," ಅಂದು ಉಗಿದು ಹೋದ.

ಭಾನುವಾರ ಬಂದು ಯಂತ್ರವನ್ನು ಎತ್ತಿಕೊಂಡು ಹೋದ. ಟ್ವೈಲಾ ಅಡುಗೆಮನೆಯ ಕಿಟಕಿಯಿಂದ ನೋಡಿದಳು, ಕಾಫಿ ಬೇಕೇ ಎಂದು ಕೇಳಲಿಲ್ಲ. ಗೆದ್ದ ಸಂತೋಷ ಸೋಮವಾರದವರೆಗೂ ಇತ್ತು. ಮಂಗಳವಾರದಿಂದ ಬೇರೊಂದು ಚಿಂತೆ ಶುರುವಾಯಿತು. ಹದಿಮೂರು ಇಪ್ಪತ್ತು ಅವಳ ಕೈಯ ಹಿಡಿತ ನಿಜ. ಆದರೆ ಪ್ರತಿ ಶನಿವಾರ ಬೆಳಗ್ಗೆ ಗಾಳಿಯ ತೇವ ಅಳೆದು, ಕಾರ್ಬ್ಯುರೇಟರ್ ತಿರುಪು ಸರಿಮಾಡಿ, ಟಯರಿನ ಗಾಳಿ ಒಂದೊಂದೇ ಉಸಿರು ಬಿಟ್ಟು ನೋಡಿ, ಕಾರು ಎಲ್ಲ ದಿನವೂ ಒಂದೇ ಥರ ಓಡುವ ಹಾಗೆ ಮಾಡುತ್ತಿದ್ದವನು ವೆಂಡೆಲ್. ಆ ಕೆಲಸ ಅವಳಿಗೆ ಬರುತ್ತಿರಲಿಲ್ಲ. ಅವನಿಗೆ ಫೋನು ಮಾಡುವುದಕ್ಕಿಂತ ನಡೆದುಕೊಂಡು ಕೆನಡಾಕ್ಕೆ ಹೋಗುವುದು ಮೇಲು ಅಂದುಕೊಂಡಳು.

ಶನಿವಾರ ಟ್ರ್ಯಾಕಿಗೆ ಹೋದಾಗ ಅವನು ಆಗಲೇ ಬಂದು, ಅವಳು ಕಾರು ನಿಲ್ಲಿಸುವ ಜಾಗದಲ್ಲಿ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದ. ಅವಳು ಇಳಿಯಲಿಲ್ಲ. ಅವನು ಬಾನೆಟ್ಟು ಎತ್ತಿ ಅರ್ಧ ಗಂಟೆ ತಲೆ ತೂರಿಸಿಕೊಂಡಿದ್ದ. ಬೆಳಗ್ಗೆಯೇ ಸೆಖೆ ಹತ್ತಿತ್ತು, ಅಂಗಿ ಮೈಗೆ ಅಂಟುತ್ತಿತ್ತು. ಕೊನೆಗೆ ಬಾನೆಟ್ಟು ಮುಚ್ಚಿ ಅವಳ ಕಿಟಕಿಗೆ ಬಂದ.

"ಇವತ್ತು ಗಾಳಿ ಸರಿಯಿಲ್ಲ. ನೀರು ಕುಡಿದಂಗಿದೆ, ಎಂಜಿನ್ ನಿಧಾನ ಆಗುತ್ತೆ. ಹದಿಮೂರು ಇಪ್ಪತ್ತೆಂಟು ಬರಿ."

"ಇಪ್ಪತ್ತೆಂಟಾ?"

"ಕಿವಿಗೆ ಬಿತ್ತಲ್ಲ. ಇಪ್ಪತ್ತೆಂಟು."

ಅವನು ಹೋದ ಮೇಲೆ ಟ್ವೈಲಾ ಪಾಲಿಶ್ ಬಾಟಲಿ ಹಿಡಿದು ಗಾಜಿನ ಮುಂದೆ ನಿಂತಳು. ಇವನು ಯಾಕೆ ಬಂದ? ಹೋದ ವಾರ ಊರ ಮುಂದೆ ಮರ್ಯಾದೆ ಕಳೆದುಕೊಂಡವನು ಇವತ್ತು ಯಾಕೆ ಬಂದು ಸಹಾಯ ಮಾಡುತ್ತಾನೆ? ಕಾರು ಎಂದಿನ ಹಾಗೆ ಹದಿಮೂರು ಇಪ್ಪತ್ತಕ್ಕೆ ಓಡಿ, ತಾನು ಇಪ್ಪತ್ತೆಂಟು ಬರೆದಿದ್ದರೆ, ಬರೆದದ್ದಕ್ಕಿಂತ ಬೇಗ. ಅವನು ಬಿದ್ದ ಹಳ್ಳಕ್ಕೇ ತನ್ನನ್ನು ಕೆಡವಲು ಬಂದಿದ್ದಾನೆ. ಎಂಥಾ ಮುದುಕ! ಅವಳಿಗೆ ಅವನ ಯೋಚನೆ ಪೂರ್ತಿ ಅರ್ಥವಾಗಿಹೋಯಿತು. ಅರ್ಥವಾದದ್ದಕ್ಕೆ ಖುಷಿಯೂ ಆಯಿತು.

13.20 ಎಂದು ಬರೆದಳು. ದೊಡ್ಡದಾಗಿ, ಅವನಿಗೆ ಬೇಲಿಯಿಂದಲೂ ಕಾಣುವ ಹಾಗೆ.

ಮೊದಲ ಸುತ್ತಿನಲ್ಲಿ ಅವಳ ಎದುರಿಗೆ ನಿಂತದ್ದು ಹಳೆಯ ಪಿಕಪ್ ಲಾರಿ ಓಡಿಸುವ ಒಬ್ಬ ಹೈನುಗಾರ. ಅವಳು ಅಷ್ಟು ಚೆನ್ನಾಗಿ ಯಾವತ್ತೂ ಓಡಿಸಿರಲಿಲ್ಲ. ದೀಪಕ್ಕೆ ಸರಿಯಾಗಿ ಬಿಟ್ಟಳು, ನಾಲ್ಕು ಗೇರೂ ಬೀಳಬೇಕಾದ ಜಾಗದಲ್ಲೇ ಬಿದ್ದವು. ಆದರೂ ಪಿಕಪ್ ಅವಳಿಗಿಂತ ಮುಂದೆಯೇ ಇತ್ತು, ಕೊನೆಯವರೆಗೂ ಮುಂದೆಯೇ ಇತ್ತು. ಗೆರೆ ದಾಟಿ ಫಲಕ ನೋಡಿದಳು.

13.28.

ಸೋತು ವಾಪಸ್ ಬಂದು ಕಾರು ನಿಲ್ಲಿಸಿದಳು. ಎಂಜಿನ್ ಆರಿಸಿದಳು, ಬೆಲ್ಟು ಬಿಚ್ಚಲಿಲ್ಲ. ವೆಂಡೆಲ್ ಪೆಟ್ಟಿಗೆಗೆ ಪಾನಾಗಳನ್ನು ಒಂದೊಂದಾಗಿ ಹಾಕುತ್ತಿದ್ದ. ತಲೆ ಎತ್ತಲಿಲ್ಲ.

"ಸರಿಯಾಗೇ ಹೇಳಿದ್ದೆ," ಅಂದಳು ಟ್ವೈಲಾ.

"ಕಾರಿನ ವಿಷಯದಲ್ಲಿ ನಿನಗೆ ಒಂದೇ ಒಂದು ಸುಳ್ಳೂ ಹೇಳಿಲ್ಲ ನಾನು. ಬೇರೆ ವಿಷಯದಲ್ಲಿ ಹೇಳಿದ್ದೀನಿ."

"ಯಾವುದರಲ್ಲಿ?"

ಅವನು ಪಾನಾ ಕೈಯಲ್ಲೇ ಹಿಡಿದು ಕೂತ. "ಮರ್ಲ್‌ಗೆ ಆಸೆ ಇತ್ತು ಅಂದಿದ್ದು. ಅವನಿಗೆ ಸೂಪರ್‌ಚಾರ್ಜರ್ ಕಂಡ್ರೇ ಆಗ್ತಿರಲಿಲ್ಲ. ಬಾನೆಟ್ಟಿಗೆ ಗರಗಸ ಮುಟ್ಟಿಸಿದ್ರೆ ಸತ್ತು ಎದ್ದು ಬರ್ತಿದ್ದ."

ಟ್ವೈಲಾಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು, ಬೆಲ್ಟು ಅಡ್ಡವಿತ್ತು. "ಸತ್ತವನ ಹೆಸರಲ್ಲಿ ಸುಳ್ಳು ಹೇಳ್ತೀಯಲ್ಲೋ! ಎರಡು ವಾರ ನನಗೆ ಅನ್ನ ನೀರು ಸೇರಿಲ್ಲ. ನಾಚಿಕೆ ಆಗಲ್ವಾ ನಿನಗೆ?"

"ಆಗುತ್ತೆ. ನಾಚ್ಕೊಂಡೇ ಹೇಳ್ದೆ. ಆ ಸೀಟಿಂದ ನಿನ್ನನ್ನ ಎಬ್ಬಿಸೋಕೆ ಇನ್ನೇನು ಮಾಡ್ಲಿ? ಮೂವತ್ತೊಂದು ವರ್ಷ ಅವನು ಓಡಿಸ್ದ, ನಾನು ಕೆಳಗೆ ಮಲಗಿದ್ದೆ. ಇರ್ಲಿ, ಅಣ್ಣ, ಮೊದಲು ಅವನು ಆಮೇಲೆ ನಾನು ಅಂದ್ಕೊಂಡೆ. ಮಣ್ಣು ಮಾಡಿ ಐದು ದಿನ ಆಗಿತ್ತು. ನೀನು ಬಂದು ಕೂತ್ಕೊಂಡೆ. ನನ್ನನ್ನ ಒಂದು ಮಾತು ಕೇಳಿದ್ಯಾ?"

ಕೇಳಿರಲಿಲ್ಲ. ಕೇಳಬೇಕೆಂದು ಈ ಆರು ವರ್ಷದಲ್ಲಿ ಒಂದು ಸಲವೂ ಅವಳಿಗೆ ಹೊಳೆದಿರಲಿಲ್ಲ.

ಏನು ಹೇಳಬೇಕೆಂದು ಅವಳಿಗೆ ಗೊತ್ತಿತ್ತು. ಮುಂದಿನ ಶನಿವಾರ ನೀನು ಓಡಿಸು, ಅಷ್ಟೇ. ಮಾತು ನಾಲಗೆಯ ತುದಿಗೂ ಬಂತು. ಆಗ ಅವಳಿಗೆ ಬೇಲಿಯ ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ನಿಂಬೆ ಶರಬತ್ತು ಹೀರುತ್ತ, ಪ್ಲಿಮತ್‌ನ ಬೆನ್ನು ನೋಡುತ್ತ ಕೂತಿರುವ ತನ್ನದೇ ಚಿತ್ರ ಕಣ್ಣಿಗೆ ಕಟ್ಟಿತು. ಆ ಮಾತನ್ನು ನುಂಗಿಕೊಂಡಳು.

"ಸೀಟು ಕೊಡಲ್ಲ," ಅಂದಳು.

"ಕೊಡ್ತೀಯ ಅಂತ ನಾನೂ ಅಂದ್ಕೊಂಡಿಲ್ಲ." ವೆಂಡೆಲ್ ಪೆಟ್ಟಿಗೆಯ ಮುಚ್ಚಳ ಹಾಕಿ ಎದ್ದ. ಮಂಡಿ ಹಿಡಿದುಕೊಂಡು ಎದ್ದ. "ಮುಂದಿನ ವಾರ ಏಳಕ್ಕೇ ಬಾ. ಎಂಟಕ್ಕೆ ಗಾಳಿ ಬದಲಾಗುತ್ತೆ. ನಾನು ಹೇಳಿದ ಅಂಕಿ ಬರಿ."

"ಬರೀತೀನಿ."

ಅವನು ಪೆಟ್ಟಿಗೆ ಹೊತ್ತುಕೊಂಡು ತನ್ನ ಗಾಡಿಯ ಕಡೆ ನಡೆದ. ಅವನು ಕೂರಬೇಕಾಗಿದ್ದ ಜಾಗದಲ್ಲಿ ತಾನು ಕೂತಿದ್ದೇನೆಂದು ಟ್ವೈಲಾಗೆ ಈಗ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಇಳಿಯಲಿಲ್ಲ.